ಗಿರಮಿಟ್ ತಿಂದು ಬಂದು ಬರೀತೀನಿ ಅನ್ನುವವರಿಗೆ: ಅರ್ಧಕ್ಕೆ ನಿಂತ ಬರಹ ಮುಗಿಸೋದು ಹೇಗೆ?

ತಿಂಗಳಿಗೆ ನಾಲ್ಕೈದು ಜನ ಇದನ್ನೇ ಕೇಳುತ್ತಾರೆ. ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಒಂದೇ. "ಕಾದಂಬರಿ ಶುರು ಮಾಡಿ ಎರಡು ವರ್ಷ ಆತ್ರಿ, ಎಪ್ಪತ್ತನೇ ಪುಟಕ್ಕ ನಿಂತೈತಿ, ಟೈಮ್ ಸಿಗವಲ್ತು, ಏನ್ ಮಾಡ್ಲಿ?"

ನಾನು ತಿರುಗಿ ಕೇಳುತ್ತೇನೆ. ನಿನ್ನೆ ಬರೆಯಲು ಕೂತಿದ್ದಿರಾ? ಕೂತಿದ್ದೆ. ಎಷ್ಟು ಹೊತ್ತು? ಎರಡು ತಾಸು. ಎಷ್ಟಾಯಿತು? ನಾಲ್ಕು ಸಾಲು. ಹಾಗಾದರೆ ಟೈಮ್ ಸಿಕ್ಕಿತ್ತು, ಅಲ್ವಾ? ಆ ಎರಡು ತಾಸು ಎಲ್ಲಿ ಹೋಯಿತು ಅನ್ನುವುದನ್ನು ಹುಡುಕಬೇಕು. ಬಹಳ ಜನರ ವಿಷಯದಲ್ಲಿ ಅದು ದೊಡ್ಡ ಚಟಕ್ಕೆ ಹೋಗಿರುವುದಿಲ್ಲ. ಒಂದು ಚಹಾ, ಒಂದು ಪ್ಲೇಟ್ ಮಿರ್ಚಿ ಭಜಿ, ಫೋನಿನಲ್ಲಿ ಒಂದು ರೀಲು, ಪೆನ್ನಿಗೆ ಹೊಸ ಇಂಕು, ಗೆಳೆಯನಿಗೆ ಒಂದು ಕಾಲ್. ಯಾವುದೂ ತಪ್ಪಲ್ಲ. ಎಲ್ಲ ಸೇರಿದಾಗ ಮಾತ್ರ ಪುಸ್ತಕ ಹಿಂದೆ ಬೀಳುತ್ತದೆ.

ಇಂಥ ಸಣ್ಣ ಆಸೆಗಳನ್ನು ನಾನು ಇಲ್ಲಿ ಚಪಲ ಅನ್ನುತ್ತೇನೆ. ಅವನ್ನೆಲ್ಲ ಬಿಟ್ಟುಬಿಡಿ ಅಂತ ಹೇಳುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿದ್ದುಕೊಂಡು ಹಾಗೆ ಹೇಳಿದರೆ ಯಾರು ಕೇಳುತ್ತಾರೆ? ಯಾವುದನ್ನು ಎಲ್ಲಿ ಇಡಬೇಕು ಅನ್ನುವುದಷ್ಟೇ ಈ ಬರಹ.

ಏನೇನು ಬೇಕು

ಈವರೆಗೆ ಬರೆದದ್ದು, ಅದು ಎಷ್ಟೇ ಕೆಟ್ಟದಾಗಿರಲಿ. ಒಂದು ಗೋಡೆ ಕ್ಯಾಲೆಂಡರ್. ಫೋನ್ ಅಲ್ಲದ ಒಂದು ಗಡಿಯಾರ, ಅಲಾರಾಂ ಇದ್ದರೆ ಚಲೋ. ಒಂದು ನೋಟ್‌ಬುಕ್ಕು. ಹೊಸದು ಕೊಳ್ಳಬೇಡಿ. ಮಕ್ಕಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಹಿಂದಿನ ಹಾಳೆಗಳು ಖಾಲಿ ಇರುತ್ತವೆ, ಅದು ಸಾಕು. ಹೊಸ ನೋಟ್‌ಬುಕ್ಕು ತರಲು ಪೇಟೆಗೆ ಹೋದರೆ ನೀವು ಈ ಲೇಖನದ ಮೊದಲ ಹಂತಕ್ಕೂ ಮುಂಚೆಯೇ ಸೋತಿರಿ ಅಂತ ಅರ್ಥ.

ಒಂದು ಪದ ಪದೇ ಪದೇ ಬರುತ್ತದೆ: ಕರಡು. ಮೊದಲ ಸಲ ಶುರುವಿನಿಂದ ಕೊನೆಯವರೆಗೆ ಬರೆದು ಮುಗಿಸಿದ, ಇನ್ನೂ ತಿದ್ದದ ಪ್ರತಿ. ಇಲ್ಲಿ ಮುಗಿಸುವುದು ಅಂದರೆ ಕರಡು ಮುಗಿಸುವುದು. ಅಚ್ಚು ಹಾಕಿಸುವುದು, ಬಿಡುಗಡೆ ಮಾಡಿಸುವುದು ಬೇರೆ ಕತೆ.

ಹಂತ 1: ಏಳು ದಿನ ಲೆಕ್ಕ ಬರೆಯಿರಿ

ಮೊದಲ ವಾರ ಏನನ್ನೂ ಬದಲಿಸಬೇಡಿ. ಮೊದಲಿನ ಹಾಗೇ ಕೂರಿ, ಮೊದಲಿನ ಹಾಗೇ ಏಳಿ. ಪ್ರತಿ ಸಲ ಎದ್ದಾಗ ಮಾತ್ರ ನಾಲ್ಕು ವಿಷಯ ಬರೆದಿಡಿ. ಎಷ್ಟು ಗಂಟೆಗೆ ಎದ್ದಿರಿ. ಯಾತಕ್ಕೆ ಎದ್ದಿರಿ. ಮತ್ತೆ ಯಾವಾಗ ಕೂತಿರಿ. ನಾಲ್ಕನೆಯದು ಮುಖ್ಯ: ಏಳುವಾಗ ಯಾವ ಸಾಲಿನಲ್ಲಿದ್ದಿರಿ.

ಮೊದಲ ಮೂರು ಕಾಲಮ್ಮು ನಿಮ್ಮನ್ನು ಸ್ವಲ್ಪ ನಾಚಿಸುತ್ತವೆ. ಹತ್ತು ನಿಮಿಷದ ಚಹಾ ಅಂತ ಎದ್ದಿರುತ್ತೀರಿ. ಚಪ್ಪಲಿ ಹಾಕಿಕೊಂಡು ಓಣಿ ತುದಿಗೆ ಹೋಗಿ, ಅಲ್ಲಿ ಯಾರೋ ಸಿಕ್ಕು, ಅವರು ಭಜಿ ಹೇಳಿ, ಎಣ್ಣೆ ಕಾಯುವವರೆಗೆ ನಿಂತು, ವಾಪಸ್ ಬರುವಾಗ ಮೆಡಿಕಲ್ ಅಂಗಡಿಯಲ್ಲಿ ಏನೋ ನೆನಪಾಗಿ, ಮನೆ ಸೇರುವ ಹೊತ್ತಿಗೆ ನಲವತ್ತು ನಿಮಿಷ. ದಿನಕ್ಕೆ ಅಂಥವು ಎರಡು, ತಿಂಗಳಲ್ಲಿ 25 ದಿನ ಅಂತ ಹಿಡಿಯಿರಿ. 2000 ನಿಮಿಷ. ಅಂದರೆ 33 ತಾಸು. ತಾಸಿಗೆ 200 ಪದ ಬರೆಯುವವರಿಗೂ ಅದರಲ್ಲಿ ಆರು ಸಾವಿರಕ್ಕೂ ಜಾಸ್ತಿ ಪದ ಆಗುತ್ತದೆ. ಎರಡು ಸಣ್ಣ ಕತೆ.

ಆದರೆ ನಿಜವಾದ ಸುದ್ದಿ ಇರುವುದು ನಾಲ್ಕನೇ ಕಾಲಮ್ಮಿನಲ್ಲಿ. ಏಳು ದಿನ ಆದ ಮೇಲೆ ಅದೊಂದನ್ನೇ ಮೇಲಿಂದ ಕೆಳಗೆ ಓದಿ. ಅಪ್ಪ ಮಗನಿಗೆ ಹೊಲ ಮಾರಿದ್ದು ಹೇಳುವ ಜಾಗ. ಅತ್ತೆ ಬಾಗಿಲಲ್ಲಿ ನಿಂತ ಜಾಗ. ಮುಂದೆ ಏನಾಗುತ್ತದೆ ಅಂತ ನಿಮಗೇ ಗೊತ್ತಿಲ್ಲದ ಜಾಗ. ಚಹಾದ ನೆನಪು ಬಂದಿದ್ದು ಹೊಟ್ಟೆಯಿಂದ ಅಲ್ಲ, ಆ ಸಾಲಿನಿಂದ. ಸಲೀಸಾಗಿ ಓಡುವ ಪುಟದಲ್ಲಿ ಯಾರಿಗೂ ಗಿರಮಿಟ್ ನೆನಪಾಗುವುದಿಲ್ಲ. ಈ ಜಾಗಗಳನ್ನು ನಾನು 'ಎದ್ದ ಸಾಲು' ಅನ್ನುತ್ತೇನೆ. ಐದನೇ ಹಂತದಲ್ಲಿ ಬೇಕಾಗುತ್ತದೆ, ಗುರುತು ಹಾಕಿಡಿ.

ಎಚ್ಚರ: ಈ ಲೆಕ್ಕವನ್ನು ಬಣ್ಣ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಚಂದ ಮಾಡಲು ಹೋಗಬೇಡಿ. ಕಂಪ್ಯೂಟರ್‌ನಲ್ಲಿ ಶೀಟ್ ಮಾಡುವುದೂ ಬೇಡ. ಅದೂ ಒಂದು ಚಪಲ.

ಹಂತ 2: ಎರಡು ರಾಶಿ ಮಾಡಿ

ಈಗ ವಾರದ ಪಟ್ಟಿಯನ್ನು ಎರಡು ಭಾಗ ಮಾಡಿ. ಒಂದು, ನೋಡಿದ ಕೂಡಲೇ ಚಪಲ ಅಂತ ಗೊತ್ತಾಗುವಂಥವು: ಚಹಾ, ಚುರಮರಿ, ಫೇಡೆ, ಎಲೆ-ಅಡಿಕೆ, ಕ್ರಿಕೆಟ್ ಸ್ಕೋರು, ಮಧ್ಯಾಹ್ನದ ನಿದ್ದೆ. ಇವು ಬಡಪಾಯಿಗಳು. ಇವನ್ನು ಮಾಡುವಾಗ ನಾನು ಕೆಲಸ ಮಾಡುತ್ತಿಲ್ಲ ಅಂತ ನಿಮಗೇ ಗೊತ್ತಿರುತ್ತದೆ.

ಇನ್ನೊಂದು ರಾಶಿ ಇದೆ. ನಮ್ಮ ಕಡೆ ಹಗಲುವೇಷ ಹಾಕಿಕೊಂಡು ಮನೆ ಮುಂದೆ ಬರುವ ಕಲಾವಿದರನ್ನು ನೋಡಿರುತ್ತೀರಲ್ಲ, ಹಾಗೆ ಇವು ಕೆಲಸದ ವೇಷ ಹಾಕಿಕೊಂಡು ಬರುತ್ತವೆ. ಪುಸ್ತಕ ತಿನ್ನುವುದು ಇವೇ. ಇವನ್ನು ಮಾಡುತ್ತಿರುವಾಗ ಬರೆಯುತ್ತಿದ್ದೇನೆ ಅಂತಲೇ ಅನಿಸುತ್ತಿರುತ್ತದೆ. ಒಂದೊಂದಾಗಿ ನೋಡೋಣ.

ಸಾಮಾನಿನ ಶೋಕಿ. ಪೆನ್ನು, ಕಾಗದ, ಕೀಬೋರ್ಡು, ಮೇಜಿನ ದೀಪ. ಇದರ ಜೊತೆಗೇ ಫಾಂಟು. ನುಡಿಯಲ್ಲಿ ಟೈಪ್ ಮಾಡಲೋ, ಬರಹದಲ್ಲೋ, ಯೂನಿಕೋಡಿನಲ್ಲೋ ಅಂತ ತಿಂಗಳುಗಟ್ಟಲೆ ವಿಚಾರ ಮಾಡುವವರನ್ನು ಬಲ್ಲೆ. ಯೂನಿಕೋಡ್ ಅಂದರೆ ಯಾವ ಕಂಪ್ಯೂಟರ್, ಯಾವ ಫೋನಿನಲ್ಲಿ ತೆರೆದರೂ ಅಕ್ಷರ ಅಕ್ಷರವಾಗಿಯೇ ಕಾಣುವಂಥ ವ್ಯವಸ್ಥೆ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಫೋನಿನಲ್ಲಿ ತೆರೆದರೆ ಅರ್ಥವಾಗದ ಗುರುತುಗಳು ಕಾಣುತ್ತವೆ. ಹಾಗಾಗಿ ಯೂನಿಕೋಡಿನಲ್ಲೇ ಬರೆಯಿರಿ. ಡಿಟಿಪಿಯವರು, ಅಂದರೆ ಅಚ್ಚಿಗೆ ಪುಟ ಜೋಡಿಸಿ ಕೊಡುವವರು, ಬೇರೆ ಫಾಂಟು ಕೇಳಿದರೆ ಪರಿವರ್ತಕ ತಂತ್ರಾಂಶದಲ್ಲಿ ಬದಲಿಸಿ ಕೊಟ್ಟರಾಯಿತು. ಅದು ಕೊನೆಯ ವಾರದ ಕೆಲಸ. ಮುಗೀತು, ಇನ್ನು ಫಾಂಟಿನ ಬಗ್ಗೆ ವಿಚಾರ ಮಾಡಬೇಡಿ.

ಹೊರಗವಚದ ಕನಸು. ಕಾದಂಬರಿ ಎಪ್ಪತ್ತನೇ ಪುಟದಲ್ಲಿದೆ, ಆದರೆ ಮುಖಪುಟ ಯಾರು ಬರೆಯಬೇಕು, ಮುನ್ನುಡಿ ಯಾರಿಂದ ಬರೆಸಬೇಕು, ಅರ್ಪಣೆ ಯಾರಿಗೆ, ಎಲ್ಲ ತೀರ್ಮಾನ ಆಗಿರುತ್ತದೆ. ಐಎಸ್‌ಬಿಎನ್ ಹೇಗೆ ತಗೊಳ್ಳೋದು ಅಂತ ನನ್ನನ್ನು ಕೇಳುವವರಲ್ಲಿ ಅರ್ಧಕ್ಕರ್ಧ ಜನರ ಕರಡು ಮುಗಿದಿರುವುದಿಲ್ಲ. ಐಎಸ್‌ಬಿಎನ್ ಅಂದರೆ ಪುಸ್ತಕಕ್ಕೆ ಕೊಡುವ 13 ಅಂಕಿಯ ಗುರುತಿನ ಸಂಖ್ಯೆ. ನಮ್ಮ ದೇಶದಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ, ಆನ್‌ಲೈನ್ ಅರ್ಜಿ ಹಾಕಬಹುದು. ಪ್ರಕಾಶಕರು ಸಿಕ್ಕರೆ ಅವರೇ ತರುತ್ತಾರೆ. ಇಷ್ಟು ಗೊತ್ತಿದ್ದರೆ ಸಾಕು, ಈಗ ಆ ಕಡೆ ಹೋಗಬೇಡಿ.

ಮೊದಲ ಪುಟ ತಿದ್ದುವ ರೋಗ. ದಿನಾ ಕೂತ ಕೂಡಲೇ ಒಂದನೇ ಪುಟದಿಂದ ಓದಲು ಶುರು ಮಾಡುತ್ತೀರಿ. ಒಂದು ಪದ ಚುಚ್ಚುತ್ತದೆ, ತಿದ್ದುತ್ತೀರಿ. ಮೊದಲ ಹತ್ತು ಪುಟ ಕನ್ನಡಿ ಆಗಿರುತ್ತದೆ, ಎಪ್ಪತ್ತೊಂದನೇ ಪುಟ ಹುಟ್ಟಿರುವುದಿಲ್ಲ. ನಿಯಮ ಸರಳ. ನಿನ್ನೆ ಬರೆದ ಕೊನೆಯ ಒಂದು ಪುಟ ಮಾತ್ರ ಓದಬೇಕು. ಅದಕ್ಕಿಂತ ಹಿಂದೆ ಹೋಗಬಾರದು. ಕಂಪ್ಯೂಟರ್‌ನಲ್ಲಿ ಬರೆಯುವವರು ಪ್ರತಿ ಅಧ್ಯಾಯಕ್ಕೆ ಬೇರೆ ಫೈಲು ಇಟ್ಟುಕೊಳ್ಳಿ, ಹಿಂದಿನದು ಕಣ್ಣಿಗೇ ಬೀಳುವುದಿಲ್ಲ.

ಸಂಶೋಧನೆಯ ಸುಖ. ಇದು ಸ್ವಲ್ಪ ಬುದ್ಧಿವಂತರಿಗೆ ಬರುವಂಥದ್ದು. ಬ್ಯಾಡಗಿ ಮಾರುಕಟ್ಟೆಯ ಮೇಲೆ ಕತೆ ಬರೆಯುತ್ತಿದ್ದೀರಿ ಅನ್ನಿ. ಹಮಾಲನೊಬ್ಬ ಚೀಲ ಇಳಿಸುವ ದೃಶ್ಯ. ಚೀಲದಲ್ಲಿರುವುದು ಡಬ್ಬಿ ಮೆಣಸಿನಕಾಯಿಯೋ ಕಡ್ಡಿಯೋ ಅನ್ನುವ ಪ್ರಶ್ನೆ ಬರುತ್ತದೆ. ಡಬ್ಬಿ ದುಂಡಗೆ, ಗಿಡ್ಡಗೆ, ಕಡ್ಡಿ ಉದ್ದಕ್ಕೆ ತೆಳ್ಳಗೆ ಅಂತ ಗೊತ್ತಾಗುತ್ತದೆ. ಖಾರ ಕಡಿಮೆ, ಬಣ್ಣ ಜಾಸ್ತಿ ಅನ್ನುವ ಕಾರಣಕ್ಕೆ ಅದಕ್ಕೆ ಬೇಡಿಕೆ ಅಂತ ಗೊತ್ತಾಗುತ್ತದೆ. ಆ ಬಣ್ಣ ತೆಗೆದು ಎಲ್ಲೆಲ್ಲಿ ಬಳಸುತ್ತಾರೆ ಅಂತ ಓದುತ್ತೀರಿ. ಜಿಐ ಟ್ಯಾಗ್ ಅಂದರೆ ಏನು, ಇಂಥ ಊರಿನದೇ ಮಾಲು ಅಂತ ಕೊಡುವ ಮುದ್ರೆ, ಅದು ಬ್ಯಾಡಗಿಗೆ ಯಾವಾಗ ಸಿಕ್ಕಿತು ಅಂತ ಹುಡುಕುತ್ತೀರಿ. ಎಲ್ಲ ಚಂದದ ವಿಷಯವೇ. ಸಂಜೆ ಆಗಿರುತ್ತದೆ. ಹಮಾಲನ ಬೆನ್ನ ಮೇಲೆ ಇನ್ನೂ ಚೀಲ ಇದೆ.

ಇದಕ್ಕೆ ಮದ್ದು: ಗೊತ್ತಿಲ್ಲದ ಜಾಗದಲ್ಲಿ 'ಝಝ' ಅಂತ ಬರೆದು ಮುಂದೆ ಹೋಗಿ. "ಅವನು ಝಝ ಮೆಣಸಿನಕಾಯಿ ಚೀಲ ಇಳಿಸಿದ." ಅಷ್ಟೇ. ಕನ್ನಡದಲ್ಲಿ ಝ ಎರಡು ಸಲ ಒಟ್ಟಿಗೆ ಬರುವ ಪದ ನಿಮ್ಮ ಕತೆಯಲ್ಲಿ ಇರುವ ಸಾಧ್ಯತೆ ಕಡಿಮೆ. ಹಾಗಾಗಿ ಕರಡು ಮುಗಿದ ಮೇಲೆ ಫೈಲಿನಲ್ಲಿ ಝಝ ಅಂತ ಹುಡುಕಿದರೆ ಎಲ್ಲ ಸಾಲಾಗಿ ಸಿಗುತ್ತವೆ. ಕೈಯಲ್ಲಿ ಬರೆಯುವವರು ಅದಕ್ಕೊಂದು ಸುತ್ತು ಹಾಕಿ. ಒಂದು ದಿನ ಬ್ಯಾಡಗಿಗೇ ಹೋಗಿ ಎಲ್ಲ ಪ್ರಶ್ನೆ ಒಟ್ಟಿಗೆ ಕೇಳಿಕೊಂಡು ಬನ್ನಿ. ಅಷ್ಟರಲ್ಲಿ ಅರ್ಧ ಝಝ ಬೇಕೇ ಆಗಿರುವುದಿಲ್ಲ.

ಕಾರ್ಯಕ್ರಮದ ಚಟ. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಅಂತ ಹಳೇ ಮಾತಿದೆ. ಬೀಳುತ್ತದೆ, ಖರೆ. ಆದರೆ ಕವಿ ಮನೆಯಲ್ಲಿ ಇರುವುದಿಲ್ಲ, ಪುಸ್ತಕ ಬಿಡುಗಡೆಗೆ ಹೋಗಿರುತ್ತಾನೆ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘ ಇರುವ ಊರು ಇದು. ಉಪನ್ಯಾಸ, ಬಿಡುಗಡೆ, ಕವಿಗೋಷ್ಠಿಗೆ ಬರವಿಲ್ಲ. ಹೋಗಬೇಡಿ ಅನ್ನುವುದಿಲ್ಲ, ಅಲ್ಲೇ ಬಹಳ ಕಲಿತಿದ್ದೇನೆ. ಆದರೆ ಸಾಹಿತ್ಯದ ಕಾರ್ಯಕ್ರಮಕ್ಕೆ ಹೋದದ್ದು ಬರೆದದ್ದಕ್ಕೆ ಸಮ ಅಲ್ಲ. ಕರಡು ಮುಗಿಯುವವರೆಗೆ ವಾರಕ್ಕೆ ಒಂದು.

ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು: ಕತೆ ಹೇಳಿಬಿಡುವುದು. ಕಟ್ಟೆ ಮೇಲೆ ಕೂತಾಗ ಯಾರೋ ಕೇಳುತ್ತಾರೆ, "ಏನ್ರೀ, ಎಲ್ಲಿಗೆ ಬಂತ್ರಿ ಕಾದಂಬರಿ?" ನೀವು ಶುರು ಮಾಡುತ್ತೀರಿ. ಕೈ ಆಡಿಸಿ, ದನಿ ಬದಲಿಸಿ, ಕ್ಲೈಮ್ಯಾಕ್ಸ್‌ವರೆಗೆ ಹೇಳುತ್ತೀರಿ. ಕೇಳಿದವರು ಭಾರೀ ಐತಿ ನೋಡ್ರಿ ಅನ್ನುತ್ತಾರೆ. ಮನೆಗೆ ಬಂದು ಕೂತರೆ ಆ ದೃಶ್ಯ ಬರೆಯಲು ಮನಸ್ಸೇ ಬರುವುದಿಲ್ಲ. ಬರುವುದು ಹೇಗೆ? ಅದಕ್ಕೆ ಸಿಗಬೇಕಿದ್ದ ಮೆಚ್ಚುಗೆ ಸಿಕ್ಕಾಗಿದೆ. ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಮತ್ತು ಜೊತೆಯವರು 2009ರಲ್ಲಿ ಇದಕ್ಕೆ ಹತ್ತಿರದ ಒಂದು ಸಂಗತಿ ತೋರಿಸಿದರು. ತಾನು ಏನಾಗಬೇಕು ಅಂತಿದ್ದೇನೆ ಅನ್ನುವುದನ್ನು ಬೇರೆಯವರು ಗಮನಿಸಿದರೆ, ಅದಕ್ಕಾಗಿ ಮಾಡುವ ಕೆಲಸ ಕಡಿಮೆಯಾಗಬಹುದು ಅಂತ. ನನ್ನದೇ ಒಂದು ಕಾದಂಬರಿ ನಾಲ್ಕು ವರ್ಷ ಟ್ರಂಕಿನಲ್ಲಿ ಬಿದ್ದಿತ್ತು. ಅದರ ಕೊನೆಯ ಅಧ್ಯಾಯವನ್ನು ಹುಬ್ಬಳ್ಳಿಯಲ್ಲಿ ಕನಿಷ್ಠ ಮೂವತ್ತು ಜನ ಕೇಳಿದ್ದರು. ಓದಿದವರು ಸೊನ್ನೆ.

ಹಾಗಾದರೆ ಕೇಳಿದವರಿಗೆ ಏನು ಹೇಳುವುದು? ಪುಟದ ಸಂಖ್ಯೆ ಹೇಳಿ. "ತೊಂಬತ್ತಕ್ಕ ಬಂದೇನ್ರಿ." ಕತೆ ಹೇಳಬೇಡಿ.

ಹಂತ 3: ಬಾಯಿ ಚಪಲಕ್ಕೆ ಜಾಗ ಕೊಡಿ

ಮೊದಲ ರಾಶಿಗೆ ಬರೋಣ. ಇಲ್ಲಿ ಕೆಲಸ ಸುಲಭ. ಚಪಲವನ್ನು ಬರೆಯುವುದಕ್ಕೆ ಮುಂಚಿನ ಜಾಗದಿಂದ ಎತ್ತಿ ಆಮೇಲಿನ ಜಾಗದಲ್ಲಿ ಇಡಬೇಕು. ತಿಂದು ಬಂದು ಬರೆಯುತ್ತೇನೆ ಅನ್ನುವವರು ತಿಂದು ಬಂದು ಮಲಗುತ್ತಾರೆ. ಹೊಟ್ಟೆಗೆ ಗೊತ್ತಿರುವ ಸತ್ಯ.

ಯಾವುದನ್ನು ಎಲ್ಲಿ ಇಡಬೇಕು ಅನ್ನುವುದಕ್ಕೆ ತಿನಿಸಿನ ಗುಣವೇ ದಾರಿ ತೋರಿಸುತ್ತದೆ. ಗಿರಮಿಟ್ ಕಲಸಿದ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಚುರಮರಿ ಹುಣಸೆ ಒಗ್ಗರಣೆ ಹೀರಿಕೊಂಡು ಬಿಡುತ್ತದೆ. ಪಾರ್ಸೆಲ್ ತಂದು ಮೇಜಿನ ಮೇಲೆ ಇಟ್ಟುಕೊಂಡು ಬರೆಯಲು ಬರುವುದಿಲ್ಲ. ಅಂಗಡಿ ಮುಂದೆ ನಿಂತೇ ತಿನ್ನಬೇಕು, ಜೊತೆಗೆ ಮಿರ್ಚಿ ಬಿಸಿ ಇರಬೇಕು. ಹಾಗಾಗಿ ಗಿರಮಿಟ್ ಯಾವಾಗಲೂ ಬರೆದಾದ ಮೇಲೆ. ಬಹಳ ಗಾಡಿಗಳು ಸಂಜೆ ಹೊತ್ತಿಗೇ ಬಂದು ನಿಲ್ಲುತ್ತವೆ, ಆದ್ದರಿಂದ ಮಧ್ಯಾಹ್ನ ನಾಲ್ಕರಿಂದ ಆರು ಬರೆದು, ಆರೂಕಾಲಿಗೆ ದುರ್ಗದ ಬೈಲಿಗೋ ನಿಮ್ಮ ಓಣಿಯ ಗಾಡಿಗೋ ಹೊರಡಿ. ಹಸಿವೆ ನಿಮ್ಮ ಪರವಾಗಿ ದುಡಿಯುತ್ತದೆ.

ಫೇಡೆ ಬೇರೆ ಥರ. ಅದು ನಾಲ್ಕಾರು ದಿನ ಇರುತ್ತದೆ, ಹಾಗಾಗಿ ಅಪಾಯ. ಡಬ್ಬಿ ಮನೆಯಲ್ಲಿದ್ದರೆ ಪ್ರತಿ ಪ್ಯಾರಾಕ್ಕೆ ಒಂದು ಒಳಗೆ ಹೋಗುತ್ತದೆ. ಫೇಡೆಯನ್ನು ಅಧ್ಯಾಯಕ್ಕೆ ಕಟ್ಟಿ. ಒಂದು ಅಧ್ಯಾಯ ಮುಗಿದರೆ ಲೈನ್ ಬಜಾರಿಗೆ ಒಂದು ಸಲ, ಪಾವು ಕಿಲೋ, ಮನೆಯವರಿಗೂ ಸೇರಿ. ಮನೆಯವರಿಗೆ ಈ ನಿಯಮ ಗೊತ್ತಿದ್ದರೆ ನೀವು ಕೂತಿದ್ದೀರೋ ಇಲ್ಲವೋ ಅಂತ ನೋಡಿಕೊಳ್ಳುವ ಕೆಲಸ ಅವರೇ ಮಾಡುತ್ತಾರೆ. "ಏನಪಾ, ಈ ವಾರ ಫೇಡೆ ಇಲ್ಲೇನು?" ಅಂತ ಅವ್ವ ಕೇಳಿದರೆ ಅದಕ್ಕಿಂತ ದೊಡ್ಡ ಗಡುವು ಬೇಕಾ?

ಚಹಾ ಒಂದಕ್ಕೆ ಮಾತ್ರ ರಿಯಾಯಿತಿ. ಅದು ಮೇಜಿಗೆ ಬರಬಹುದು, ನೀವು ಚಹಾದ ಹತ್ತಿರ ಹೋಗಬಾರದು. ಥರ್ಮಾಸಿನಲ್ಲಿ ಎರಡು ಕಪ್ಪು ತುಂಬಿಟ್ಟು ಕೂರಿ. ರಾತ್ರಿ ಬರೆಯುವವರಿಗೆ ಒಂದು ಮಾತು: ಚಹಾದಲ್ಲಿರುವ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸಾಮಾನ್ಯವಾಗಿ ಐದು ತಾಸಿನಷ್ಟು ಬೇಕು, ಜನರಿಂದ ಜನರಿಗೆ ಹೆಚ್ಚುಕಡಿಮೆ ಆಗುತ್ತದೆ. ರಾತ್ರಿ ಒಂಬತ್ತಕ್ಕೆ ಕುಡಿದದ್ದು ಎರಡು ಗಂಟೆಗೂ ಅರ್ಧ ಒಳಗೇ ಇರುತ್ತದೆ. ಮರುದಿನ ಬೆಳಿಗ್ಗೆ ಬರೆಯಬೇಕಾದವರು ಸಂಜೆಗೇ ನಿಲ್ಲಿಸಿ.

ಎಚ್ಚರ: ಬಹುಮಾನ ಕೆಲಸಕ್ಕೆ ತಕ್ಕಷ್ಟೇ ಇರಲಿ. ಐವತ್ತು ಪದ ಬರೆದು ಸಾವಜಿ ಊಟಕ್ಕೆ ಹೋಗುವುದು ನ್ಯಾಯ ಅಲ್ಲ.

ಹಂತ 4: ಫೋನು

ಇದನ್ನು ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಫೋನು ಬೇರೆ ಖೋಲಿಯಲ್ಲಿ ಇರಬೇಕು. ಸೈಲೆಂಟ್ ಮಾಡಿ ಮೇಜಿನ ಮೇಲೆ ಬೋರಲು ಇಡುವುದು ಸಾಲದು. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು, ಫೋನು ಬರೀ ಪಕ್ಕದಲ್ಲಿದ್ದರೂ ಯೋಚಿಸುವ ಶಕ್ತಿ ಕಡಿಮೆಯಾಗುತ್ತದೆ ಅಂತ ಹೇಳಿದ್ದರು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಎಲ್ಲ ಕಡೆ ಅದೇ ಫಲಿತಾಂಶ ಬಂದಿಲ್ಲ. ಇರಲಿ. ಬೇರೆ ಖೋಲಿಯಲ್ಲಿದ್ದರೆ ಏಳಬೇಕಾಗುತ್ತದೆ, ಎದ್ದರೆ ಲೆಕ್ಕದ ನೋಟ್‌ಬುಕ್ಕಿನಲ್ಲಿ ಬರೆಯಬೇಕಾಗುತ್ತದೆ, ನಾಚಿಕೆಯಾಗುತ್ತದೆ. ನನಗೆ ಅಷ್ಟೇ ಸಾಕಾಗುತ್ತದೆ.

ಫೋನಿನಲ್ಲೇ ಬರೆಯುವವರು ಈಗ ಬಹಳ ಇದ್ದೀರಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 22 ಕಿಲೋಮೀಟರ್, ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕರೆ ಒಂದು ಪುಟ ಆರಾಮ ಆಗುತ್ತದೆ. ಗದಗಿನಿಂದ ರೈಲಿನಲ್ಲಿ ದಿನಾ ಓಡಾಡುವವರಿಗೆ ಇನ್ನೂ ಜಾಸ್ತಿ. ನೀವು ಏರೋಪ್ಲೇನ್ ಮೋಡ್ ಹಾಕಿಕೊಂಡು ಬರೆಯಿರಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತದೆ, ಅದರಲ್ಲಿ ಒಂದೊಂದು ಆ್ಯಪ್‌ಗೂ ದಿನಕ್ಕೆ ಇಷ್ಟೇ ನಿಮಿಷ ಅಂತ ಮಿತಿ ಇಡಬಹುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ಏನೆಂದರೆ, ಮಿತಿ ಮುಗಿದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನೇ ಜಾಸ್ತಿ ಮಾಡಿಕೊಳ್ಳುವುದು.

ಹಂತ 5: ಎದ್ದ ಸಾಲಿನಲ್ಲಿ ಕೂರುವುದು

ಮೊದಲ ವಾರ ಗುರುತು ಹಾಕಿದ ಎದ್ದ ಸಾಲುಗಳನ್ನು ತೆಗೆಯಿರಿ. ಈ ಹಂತ ಕಷ್ಟ. ಉಳಿದದ್ದೆಲ್ಲ ಇದಕ್ಕೆ ತಯಾರಿ.

ಗೋಲ್ವಿಟ್ಸರ್ ಅವರದೇ ಇನ್ನೊಂದು ಕೆಲಸ, 1999ರದ್ದು, ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬರೀ ನಿರ್ಧಾರ ಮಾಡುವುದಕ್ಕಿಂತ, ಹೀಗಾದರೆ ಹೀಗೆ ಮಾಡುತ್ತೇನೆ ಅಂತ ಮೊದಲೇ ಜೋಡಿಸಿಟ್ಟುಕೊಂಡರೆ ಜನ ಜಾಸ್ತಿ ಮಾಡಿ ಮುಗಿಸುತ್ತಾರೆ ಅನ್ನುವುದು. ಅದನ್ನು ಬರಹಕ್ಕೆ ಹೀಗೆ ಹೊಂದಿಸಿ: ಏಳಬೇಕು ಅನಿಸಿದರೆ, ಇನ್ನು ಮೂರು ಸಾಲು ಬರೆದು ಏಳುತ್ತೇನೆ. ಮೂರು ಕೆಟ್ಟ ಸಾಲು. ಆಮೇಲೆ ಏಳಲು ನಿಮಗೆ ಪೂರ್ತಿ ಹಕ್ಕಿದೆ. ಮೂರು ಸಾಲು ದಾಟಿದ ಮೇಲೆ ಬಹಳ ಸಲ ಏಳಬೇಕು ಅನಿಸುವುದಿಲ್ಲ, ಅನಿಸಿದರೆ ಎದ್ದುಬಿಡಿ.

ಆ ಮೂರು ಸಾಲೂ ಬರದಿದ್ದರೆ? ಮೂರು ಉಪಾಯ ಇವೆ. ಒಂದು, ದೃಶ್ಯವನ್ನು ಬರೆಯದೆ ದೃಶ್ಯದ ಬಗ್ಗೆ ಬರೆಯಿರಿ: "ಇಲ್ಲಿ ಅಪ್ಪ ಹೊಲ ಮಾರಿದ್ದು ಹೇಳಬೇಕು, ಹೇಳಲಿಕ್ಕೆ ಅವನಿಗೆ ನಾಚಿಕೆ, ಮಗ ಬಹುಶಃ ಉಣ್ಣುತ್ತಿರುತ್ತಾನೆ." ನೋಡಿ, ಮಗ ಉಣ್ಣುತ್ತಿದ್ದಾನೆ ಅಂತ ಬಂತು. ಇನ್ನು ರೊಟ್ಟಿ ಮುರಿಯುವ ಸದ್ದು ಬರುತ್ತದೆ. ಎರಡು, ಮಾತು ಮಾತ್ರ ಬರೆಯಿರಿ, ಯಾರು ಎಲ್ಲಿ ನಿಂತರು, ಗಾಳಿ ಬೀಸಿತೋ ಇಲ್ಲವೋ ಎಲ್ಲ ಬಿಡಿ. ನಿಮ್ಮ ಊರಿನ ಮಾತಿನಲ್ಲೇ ಬರೆಯಿರಿ, ಅದು ತಾನಾಗಿ ಓಡುತ್ತದೆ. ಮೂರು, ಎರಡೂ ಆಗದಿದ್ದರೆ ಅಲ್ಲಿ ಝಝ ಹಾಕಿ ಮುಂದಿನ ದೃಶ್ಯಕ್ಕೆ ಜಿಗಿಯಿರಿ. ಆದರೆ ಇದು ಅಧ್ಯಾಯಕ್ಕೆ ಒಂದೇ ಸಲ. ಇಲ್ಲದಿದ್ದರೆ ಕೊನೆಗೆ ಕೈಯಲ್ಲಿ ಉಳಿಯುವುದು ಬರೀ ಸುಲಭದ ದೃಶ್ಯಗಳ ಕಾದಂಬರಿ, ಕಷ್ಟದ್ದೆಲ್ಲ ಝಝ.

ಎಷ್ಟು ಹೊತ್ತು ಕೂರಬೇಕು? ಪೊಮೊಡೊರೊ ಅನ್ನುವ ಪದ ಕೇಳಿರುತ್ತೀರಿ. ಇಟಾಲಿಯನ್ ಭಾಷೆಯಲ್ಲಿ ಟೊಮೆಟೊ ಅಂತ ಅರ್ಥ. ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನುವವರು ಓದುವ ದಿನಗಳಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅಂತ ಮಾಡಿದ ಪದ್ಧತಿ. ಆಫೀಸು ಕೆಲಸಕ್ಕೆ ಸರಿ. ಕತೆಗೆ 25 ನಿಮಿಷ ಸಾಲುವುದಿಲ್ಲ ಅಂತ ನನ್ನ ಅಭಿಪ್ರಾಯ, ಹತ್ತು ನಿಮಿಷ ಪಾತ್ರದ ಹತ್ತಿರ ಹೋಗಲಿಕ್ಕೇ ಬೇಕು. ಮುಕ್ಕಾಲು ತಾಸು ಅಲಾರಾಂ ಇಡಿ. ಬಿಡುವಿನ ಹತ್ತು ನಿಮಿಷ ಮನೆಯೊಳಗೇ ಓಡಾಡಿ, ಚಪ್ಪಲಿ ಹಾಕಬೇಡಿ. ಚಪ್ಪಲಿ ಹಾಕಿದರೆ ಮುಗೀತು.

ಮಳೆಗೆ ಕಾಯುವವರಿಗೆ ಒಂದು ಪ್ರತ್ಯೇಕ ಮಾತು. ಧಾರವಾಡದ ಜಿಟಿಜಿಟಿ ಮಳೆ, ಕಿಟಕಿ, ಕೈಯಲ್ಲಿ ಚಹಾ, ಆಗ ಮಾತ್ರ ಲಹರಿ ಬರುತ್ತದೆ ಅನ್ನುವವರು ಇದ್ದೀರಿ. ಸಾಧನಕೇರಿಯ ದಂಡೆಯಲ್ಲಿ ಒಂದು ಸುತ್ತು ಹಾಕಿದರೇನೇ ಸಾಲು ಹುಟ್ಟುತ್ತದೆ ಅನ್ನುವವರೂ ಇದ್ದೀರಿ. ಬೇಂದ್ರೆಯವರ ಮನೆ ಅಲ್ಲೇ ಇತ್ತು ಅನ್ನುವುದು ನಿಜ. ಆದರೆ ಕೆರೆ ದಂಡೆಯಲ್ಲಿ ನಡೆದವರೆಲ್ಲ ಬರೆಯಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಕರೆಂಟು ಹೋದಾಗ, ಹಾವೇರಿಯ ಬಾಡಿಗೆ ಖೋಲಿಯಲ್ಲಿ ಕೂತು ಬರೆಯಲು ಕಲಿಯದಿದ್ದರೆ ಕಾದಂಬರಿಗೆ ಬೇಕಾದಷ್ಟು ಮಳೆ ಯಾವ ವರ್ಷವೂ ಬರುವುದಿಲ್ಲ.

ಹಂತ 6: ಕ್ಯಾಲೆಂಡರ್ ಮೇಲೆ ತಾರೀಖು ಹಾಕಿ

ಕನ್ನಡದ ಸಣ್ಣ ಕಾದಂಬರಿ ಅಂದರೆ 40,000 ಪದ ಅಂತ ಹಿಡಿಯೋಣ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ. ವಾರಕ್ಕೆ 1500. ಶುರುವಿನಿಂದ ಬರೆದರೂ 27 ವಾರ, ಆರು ತಿಂಗಳಿಗಿಂತ ಸ್ವಲ್ಪ ಜಾಸ್ತಿ. ನೀವು ಈಗಾಗಲೇ ಅರ್ಧ ಬರೆದಿದ್ದರೆ ಮೂರು ತಿಂಗಳು ಮತ್ತೊಂದು ಸ್ವಲ್ಪ. 300 ಪದ ಅಂದರೆ ಒಂದು ಫುಲ್‌ಸ್ಕೇಪ್ ಹಾಳೆಯ ಎರಡೂ ಬದಿ, ಅಕ್ಷರ ಸಣ್ಣಗಿದ್ದರೆ ಇನ್ನೂ ಕಡಿಮೆ.

ತಾರೀಖು ಹಾಕುವಾಗ ಹಬ್ಬ ಬಿಟ್ಟು ಎಣಿಸಿ. ಹುಬ್ಬಳ್ಳಿಯಲ್ಲಿ ರಂಗಪಂಚಮಿ ದಿನ ಬರೆಯುತ್ತೇನೆ ಅಂತ ಯಾರಾದರೂ ಹಾಕಿಕೊಂಡರೆ ಅವರಿಗೆ ಊರೇ ಗೊತ್ತಿಲ್ಲ. ಗಣಪತಿ ಕೂತ ದಿನಗಳೂ ಹಾಗೇ. ದೀಪಾವಳಿ, ಮನೆಯ ಮದುವೆ, ಸುಗ್ಗಿ, ಪರೀಕ್ಷೆ ಎಲ್ಲ ಮೊದಲೇ ಕೆಂಪು ಶಾಯಿಯಲ್ಲಿ ಹೊಡೆದುಬಿಡಿ. ಅದು ನೀವು ತಪ್ಪಿಸಿಕೊಂಡ ದಿನ ಅಲ್ಲ, ರಜೆ. ಈ ವ್ಯತ್ಯಾಸ ಬಹಳ ಮುಖ್ಯ. ರಜೆ ಅಂತ ಹಾಕದೆ ಮೂರು ದಿನ ತಪ್ಪಿದರೆ ನಾಲ್ಕನೇ ದಿನ ಅಪರಾಧಿ ಭಾವ ಬಂದು ಆ ಕಡೆ ತಲೆ ಹಾಕುವುದೇ ಇಲ್ಲ.

ತಪ್ಪಿದ ದಿನದ 300 ಪದವನ್ನು ಮರುದಿನ ಸೇರಿಸಿ 600 ಬರೆಯಲು ಹೋಗಬೇಡಿ. ಅದು ಸಾಲದ ಬಡ್ಡಿ ಥರ ಏರುತ್ತದೆ. ತಪ್ಪಿದ್ದು ತಪ್ಪಿತು, ಕೊನೆಯ ತಾರೀಖು ಒಂದು ದಿನ ಮುಂದೆ ಹೋಯಿತು, ಅಷ್ಟೇ.

ಹಂತ 7: ಕೊನೆಯ ಇಪ್ಪತ್ತು ಪುಟ

ಇಲ್ಲಿ ಒಂದು ವಿಚಿತ್ರ ಆಗುತ್ತದೆ, ಮೊದಲೇ ಹೇಳಿರುತ್ತೇನೆ. ಇನ್ನು ಇಪ್ಪತ್ತು ಪುಟ ಇದೆ ಅನ್ನುವಾಗ ಹೊಸ ಕಾದಂಬರಿಯ ವಸ್ತು ಹೊಳೆಯುತ್ತದೆ. ಭಾರೀ ಚಲೋ ವಸ್ತು. ಬೆಟಗೇರಿಯ ಒಬ್ಬ ನೇಕಾರ, ಮೂರು ತಲೆಮಾರು, ಒಂದು ಮಗ್ಗ. ಈಗ ಬರೆಯುತ್ತಿರುವುದು ಅದರ ಮುಂದೆ ಹಳಸಿದ ಸಾರಿನ ಹಾಗೆ ಕಾಣುತ್ತದೆ. ಇದು ನಿಮ್ಮ ಪಟ್ಟಿಯಲ್ಲಿ ಬರುವ ಚಪಲಗಳಲ್ಲೇ ರುಚಿಯಾದದ್ದು. ಹಗಲುವೇಷಗಳಲ್ಲಿ ಹನುಮಂತನ ವೇಷ, ಕೈ ಮುಗಿಯಬೇಕು ಅನಿಸುತ್ತದೆ.

ಕೈ ಮುಗಿಯಿರಿ, ಒಳಗೆ ಕರೆಯಬೇಡಿ. ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹತ್ತು ಸಾಲು ಬರೆದಿಡಿ. ಹನ್ನೊಂದನೇ ಸಾಲು ಬೇಡ. ವಸ್ತು ನಿಜವಾಗಿ ಚಲೋ ಇದ್ದರೆ ಎರಡು ತಿಂಗಳು ಕಾಯುತ್ತದೆ.

ಇನ್ನೊಂದು, ಈ ಹಂತದಲ್ಲಿ ಬಹಳ ಜನ ಬೇಕಂತಲೇ ನಿಧಾನ ಮಾಡುತ್ತಾರೆ. ಮುಗಿದರೆ ಓದಲು ಕೊಡಬೇಕಾಗುತ್ತದೆ, ಕೊಟ್ಟರೆ ಯಾರಾದರೂ ಏನಾದರೂ ಅನ್ನುತ್ತಾರೆ. ಮುಗಿಯದ ಕಾದಂಬರಿಗೆ ಯಾರೂ ತಪ್ಪು ಹುಡುಕುವುದಿಲ್ಲ, ಅದರ ಲೇಖಕ ಅನ್ನಿಸಿಕೊಂಡು ಓಡಾಡುವುದೂ ಒಂದು ಸುಖವೇ. ಅದು ಗೊತ್ತಾದಾಗ ನನಗೆ ಸ್ವಲ್ಪ ಸಿಟ್ಟು ಬಂತು, ನನ್ನ ಮೇಲೇ.

ಕೊನೆಯ ಸಾಲು ಬರೆದ ದಿನ ಮಾಡಬೇಕಾದ ಕೆಲಸ ಇಷ್ಟು. ಫೈಲನ್ನು ಎರಡು ಕಡೆ ಉಳಿಸಿ, ಒಂದು ನಿಮಗೇ ಇ-ಮೇಲ್ ಮಾಡಿಕೊಳ್ಳಿ, ಒಂದು ಪೆನ್‌ಡ್ರೈವ್‌ನಲ್ಲಿ. ಕೈಬರಹದವರು ಅಂದೇ ಒಂದು ಝೆರಾಕ್ಸ್ ಮಾಡಿಸಿ, ಮೂಲ ಪ್ರತಿ ಮನೆಯಿಂದ ಹೊರಗೆ ಹೋಗಬಾರದು. ಆಮೇಲೆ ಮೂರು ವಾರ ಅದನ್ನು ಮುಟ್ಟಬೇಡಿ. ನಾಲ್ಕನೇ ವಾರ ಪ್ರಿಂಟ್ ತೆಗೆಸಿ, ಒಂದೇ ಬದಿಗೆ, ಸಾಲುಗಳ ನಡುವೆ ಜಾಗ ಬಿಟ್ಟು, ಎಡಕ್ಕೆ ಅಗಲ ಮಾರ್ಜಿನ್ ಇಟ್ಟು. ತಿದ್ದುವುದು ಆಗ. ಮೊದಲು ಝಝಗಳನ್ನು ತುಂಬಿ, ಆಮೇಲೆ ಮೊದಲ ಪುಟಕ್ಕೆ ಹೋಗಿ.

ನಡುವಿನ ಆ ಮೂರು ವಾರ ಪೂರ್ತಿ ನಿಮ್ಮದು. ದುರ್ಗದ ಬೈಲಿಗೆ ದಿನಾ ಹೋಗಿ, ಉಣಕಲ್ ಕೆರೆಗೆ ಹೋಗಿ, ಬೇಕಾದರೆ ಒಂದು ಹೊಸ ಪೆನ್ನು ಕೊಳ್ಳಿ. ಕಟ್ಟೆ ಮೇಲೆ ಯಾರಾದರೂ ಎಲ್ಲಿಗೆ ಬಂತ್ರಿ ಅಂತ ಕೇಳಿದರೆ, ಮುಗೀತ್ರಿ ಅನ್ನಿ. ಕತೆ ಏನು ಅಂತ ಕೇಳಿದರೆ ಅವರಿಗೊಂದು ಮಿರ್ಚಿ ಹೇಳಿ, ಮಾತು ಬದಲಿಸಿ.